ಲೆಕ್ಕ ಒಪ್ಪಿಸಬೇಕಾದ ಕೈ



ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ಶಿಲುಬೆಯ ಹಾದಿಯನ್ನು ಮಾಡುತ್ತೇವೆ. ಮೊದಲನೆಯ ಸ್ಥಳದಲ್ಲಿ ಪಿಲಾತನು ಯೇಸುಸ್ವಾಮಿಗೆ ಮರಣದಂಡನೆ ವಿಧಿಸುತ್ತಾನೆ. ಆದರೆ ಪಿಲಾತನ ಮುಂದೆ ನಿಲ್ಲುವುದಕ್ಕೆ ಮುನ್ನವೇ, ಆ ರಾತ್ರಿಯ ಕತ್ತಲೆಯಲ್ಲಿ, ಯೇಸುವಿನ ಕೆನ್ನೆಗೆ ಒಂದು ಪೆಟ್ಟು ಬಿದ್ದಿತ್ತು. ಸಂತ ಯೊವಾನ್ನರು ತಮ್ಮ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಅದನ್ನು ದಾಖಲಿಸಿದ್ದಾರೆ. ಕೈಗಳನ್ನು ಕಟ್ಟಿ ಕರೆತಂದ ಯೇಸುವನ್ನು ಅನ್ನಾಸನ ಮುಂದೆ ನಿಲ್ಲಿಸಿ ಪ್ರಶ್ನಿಸಲಾಗುತ್ತದೆ. ನಾನು ಬಹಿರಂಗವಾಗಿಯೇ ಬೋಧಿಸಿದ್ದೇನೆ, ಕೇಳಿದವರನ್ನೇ ವಿಚಾರಿಸಿ ಎಂಬ ಅರ್ಥದಲ್ಲಿ ಅವರು ಉತ್ತರಿಸುತ್ತಾರೆ. ಕೂಡಲೇ ಪಕ್ಕದಲ್ಲಿ ನಿಂತಿದ್ದ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆಯುತ್ತಾನೆ. ಇನ್ನೂ ಆರೋಪ ಸಾಬೀತಾಗಿಲ್ಲ, ತೀರ್ಪು ಹೊರಬಿದ್ದಿಲ್ಲ, ಬಂಧಿತನು ಯಾರ ಮೇಲೂ ಕೈ ಎತ್ತಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಪೊಲೀಸ್ ವಶದಲ್ಲಿ ಬಿದ್ದ ಪೆಟ್ಟು.

ಆಗ ಯೇಸುಸ್ವಾಮಿ ಏನು ಮಾಡಿದರು ಎಂಬುದನ್ನು ಗಮನಿಸಬೇಕು. ಅವರು ತಿರುಗಿ ಹೊಡೆಯಲಿಲ್ಲ, ಶಪಿಸಲಿಲ್ಲ. ಆದರೆ ಸುಮ್ಮನೆಯೂ ಇರಲಿಲ್ಲ. ನಾನು ಆಡಿದ್ದು ತಪ್ಪಾಗಿದ್ದರೆ ಆ ತಪ್ಪಿಗೆ ಸಾಕ್ಷಿ ಕೊಡು, ಸರಿಯಾಗಿದ್ದರೆ ಹೊಡೆದ ಕಾರಣವನ್ನು ಹೇಳು ಎಂದು ಆ ಕಾವಲುಗಾರನನ್ನೇ ಕೇಳಿದರು. ಅವನು ಏನು ಉತ್ತರ ಕೊಟ್ಟನೆಂದು ಶುಭಸಂದೇಶ ತಿಳಿಸುವುದಿಲ್ಲ. ಇನ್ನೊಂದು ಕೆನ್ನೆಯನ್ನೂ ತೋರಿಸಿರೆಂದು ಬೋಧಿಸಿದ ಅದೇ ಗುರು, ತಮ್ಮ ಕೆನ್ನೆಗೆ ಪೆಟ್ಟು ಬಿದ್ದಾಗ ಅದರ ಲೆಕ್ಕವನ್ನು ಕೇಳಿದರು.

ಈ ತಿಂಗಳು ನಿಮ್ಮೊಡನೆ ಚಿಂತಿಸಬೇಕೆಂದಿರುವುದು ಇದನ್ನೇ. ಸಮಾಜದ ಪರವಾಗಿ ಬಲಪ್ರಯೋಗ ಮಾಡುವ ಹಕ್ಕನ್ನು ಪಡೆದವರು ತಮ್ಮ ಕೈಯ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು? ಹಾಗೆ ಲೆಕ್ಕ ಕೇಳುವುದು ಕ್ರೈಸ್ತ ಕ್ಷಮೆಗೆ ವಿರುದ್ಧವೇ?

ಇಬ್ಬರು ತಾಯಂದಿರು

ನಮ್ಮ ನಾಡಿನ ಒಂದು ಘಟನೆಯಿಂದ ಆರಂಭಿಸೋಣ. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಭೂಗತರಾದರು. ಅವರದು ಮಂಗಳೂರಿನ ಕಥೋಲಿಕ ಕುಟುಂಬ. ಸ್ವತಃ ಜಾರ್ಜ್ ತಾರುಣ್ಯದಲ್ಲಿ ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ ಕೆಲಕಾಲ ಕಲಿತವರು. ಅವರ ಸುಳಿವು ಸಿಗದೆ ಪೊಲೀಸರು ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು 1976ರ ಮೇ 1ರಂದು ಬೆಂಗಳೂರಿನ ಮನೆಯಿಂದ ಕರೆದೊಯ್ದರು. ಅಣ್ಣ ಎಲ್ಲಿದ್ದಾನೆ ಎಂಬುದೇ ಪ್ರಶ್ನೆ. ತಿಳಿದಿಲ್ಲವೆಂಬ ಉತ್ತರಕ್ಕೆ ಪ್ರತಿಯಾಗಿ ಲಾಠಿಗಳು ಮುರಿಯುವಂತೆ ಏಟುಗಳು ಬಿದ್ದವು. ಮಗನ ಸ್ಥಿತಿಯನ್ನು ತಿಳಿದ ತಾಯಿ ಆಲಿಸ್ ಫರ್ನಾಂಡಿಸ್ ನಡೆದುದೆಲ್ಲವನ್ನೂ ವಿವರಿಸಿ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ಆ ತಾಯಿಯ ದೂರಿನಲ್ಲಿ ಏಟುಗಳಷ್ಟೇ ಘೋರವಾದ ಮತ್ತೊಂದು ಸಂಗತಿಯಿತ್ತು. ಬೆಂಗಳೂರಿನ ಮನೆಯಿಂದ ಒಯ್ದ ಮಗನನ್ನು ಹಲವು ದಿನಗಳ ಬಳಿಕ ದಾವಣಗೆರೆಯ ಕಡೆಗೆ ಸಾಗಿಸಿ, ಆಗಷ್ಟೇ ಅಲ್ಲಿ ಬಂಧಿಸಿದಂತೆ ತೋರಿಸಲಾಯಿತು ಎಂಬುದೇ ಆ ಸಂಗತಿ. ನಮ್ಮ ಹರಪನಹಳ್ಳಿಯ ಜನರು ವ್ಯಾಪಾರಕ್ಕೆ, ಆಸ್ಪತ್ರೆಗೆ ದಿನವೂ ಹೋಗಿಬರುವ ಅದೇ ದಾವಣಗೆರೆ. ನಡುವಣ ದಿನಗಳಲ್ಲಿ ಮಗ ಎಲ್ಲಿದ್ದ, ಯಾರ ಕೈಯಲ್ಲಿದ್ದ? ಕಾಗದದ ಪ್ರಕಾರ ಎಲ್ಲಿಯೂ ಇರಲಿಲ್ಲ, ಯಾರ ಕೈಯಲ್ಲಿಯೂ ಇರಲಿಲ್ಲ.

ಅದು ತುರ್ತುಪರಿಸ್ಥಿತಿಯ ಕರಾಳ ಕಾಲ, ಲಾಠಿಯ ಕಾಲ, ಈಗ ಕಾಲ ಬದಲಾಗಿದೆ ಎಂದು ನೀವು ಹೇಳಬಹುದು. ಹಾಗಾದರೆ ತುರ್ತುಪರಿಸ್ಥಿತಿಯಿಲ್ಲದ, ಲಾಠಿಯ ಬದಲಿಗೆ ಹೊಸ ಉಪಕರಣವನ್ನು ಹಿಡಿದ, ಶ್ರೀಮಂತ ದೇಶವೊಂದರ ಘಟನೆಯನ್ನು ನೋಡೋಣ.

2007ರ ಅಕ್ಟೋಬರ್ 13ರಂದು ರಾಬರ್ಟ್ ಜೆಕಾನ್ಸ್ಕಿ ಎಂಬ ನಲವತ್ತು ವರ್ಷದ ಪೋಲೆಂಡ್ ದೇಶದ ವ್ಯಕ್ತಿ ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಇಳಿದರು. ಅಲ್ಲಿ ನೆಲೆಸಿದ್ದ ತಾಯಿಯನ್ನು ಸೇರಲು ಅವರು ಬಂದಿದ್ದರು. ಇಂಗ್ಲಿಷ್ ಬಾರದು. ಸುಮಾರು ಹತ್ತು ಗಂಟೆಗಳ ಕಾಲ ನಿಲ್ದಾಣದೊಳಗೇ ದಾರಿ ಕಾಣದೆ ಉಳಿದರು. ಹೊರಗೆ ಕಾಯುತ್ತಿದ್ದ ತಾಯಿ ಜೋಫಿಯಾ, ಮಗನು ಅಲ್ಲಿಲ್ಲವೆಂಬ ಮಾತನ್ನು ನಂಬಿ ದೂರದ ತಮ್ಮ ಊರಿಗೆ ಮರಳಿದರು. ದಣಿದು ದಿಕ್ಕೆಟ್ಟ ಮನುಷ್ಯ ಮಧ್ಯರಾತ್ರಿಯ ನಂತರ ಕುರ್ಚಿ ಮೇಜುಗಳನ್ನು ಎತ್ತಿಹಾಕತೊಡಗಿದಾಗ ನಾಲ್ವರು ಪೊಲೀಸರು ಬಂದರು. ಬಂದ ಅರ್ಧ ನಿಮಿಷದ ಆಸುಪಾಸಿನಲ್ಲಿಯೇ ಟೇಸರ್ ಎಂಬ ಸ್ಟನ್ ಗನ್ ಬಳಸಲಾಯಿತು. ಐದು ಬಾರಿ ವಿದ್ಯುತ್ ಹರಿಸಲಾಯಿತು. ಅವರ ಕೈಯಲ್ಲಿದ್ದದ್ದು ಕಾಗದಗಳಿಗೆ ಪಿನ್ನು ಹೊಡೆಯುವ ಸ್ಟೇಪ್ಲರ್. ಕೆಲವೇ ನಿಮಿಷಗಳಲ್ಲಿ ಅವರ ಪ್ರಾಣ ಹೋಯಿತು.

ಆ ವ್ಯಕ್ತಿ ಸ್ಟೇಪ್ಲರ್ ಬೀಸುತ್ತಾ ಮೇಲೆರಗಿ ಬಂದನೆಂದು, ಹೋರಾಡಿ ನೆಲಕ್ಕೆ ಕೆಡವಬೇಕಾಯಿತೆಂದು ಪೊಲೀಸರು ಹೇಳಿದರು. ಆದರೆ ಪ್ರಯಾಣಿಕನೊಬ್ಬ ಅದೆಲ್ಲವನ್ನೂ ವಿಡಿಯೋ ಮಾಡಿಕೊಂಡಿದ್ದ. ಚಿತ್ರ ಬೇರೆಯೇ ಕಥೆಯನ್ನು ಹೇಳಿತು. 2008ರ ಡಿಸೆಂಬರಿನಲ್ಲಿ ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದು ಸರ್ಕಾರಿ ಅಭಿಯೋಜಕರು ತೀರ್ಮಾನಿಸಿದ್ದರು. ಆದರೆ ನಿವೃತ್ತ ನ್ಯಾಯಮೂರ್ತಿ ಥಾಮಸ್ ಬ್ರೇಡ್‌ವುಡ್ ಅವರ ವಿಚಾರಣಾ ಆಯೋಗವು 2010ರಲ್ಲಿ ಆ ಬಲಪ್ರಯೋಗಕ್ಕೆ ಸಮರ್ಥನೆಯಿಲ್ಲವೆಂದು ಹೇಳಿತು. ಕೊನೆಗೆ ನಾಲ್ವರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಯಾವ ಅಪರಾಧಕ್ಕೆ? ಕೊಂದದ್ದಕ್ಕಲ್ಲ. ಆಯೋಗದ ಮುಂದೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ. ಕೆನಡಾದ ಸರ್ವೋಚ್ಚ ನ್ಯಾಯಾಲಯವು 2017ರ ಅಕ್ಟೋಬರ್ 30ರಂದು ಅದನ್ನು ಎತ್ತಿಹಿಡಿಯಿತು.

ಐದನೆಯ ಕಟ್ಟಳೆ ಮತ್ತು ಎಂಟನೆಯ ಕಟ್ಟಳೆ

ಮೂವತ್ತೊಂದು ವರ್ಷಗಳ ಅಂತರ, ಎರಡು ಖಂಡಗಳು, ಎರಡು ಬಗೆಯ ಆಯುಧಗಳು. ಒಂದರಲ್ಲಿ ಕ್ರೌರ್ಯವು ಉದ್ದೇಶಪೂರ್ವಕ, ಇನ್ನೊಂದರಲ್ಲಿ ಅವಸರ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಒಂದು ಸಾಮ್ಯ ಕಾಣುತ್ತದೆ. ಎರಡು ಕಡೆಯೂ ಪೆಟ್ಟಿನ ಹಿಂದೆಯೇ ಸುಳ್ಳು ಬಂದಿದೆ. ಒಂದು ಕಡೆ ಬಂಧನದ ಸ್ಥಳ, ದಿನಾಂಕಗಳೇ ಬದಲಾದುವೆಂಬ ದೂರು. ಇನ್ನೊಂದು ಕಡೆ ಸತ್ತವನೇ ಎರಗಿ ಬಂದನೆಂಬ ಹೇಳಿಕೆ.

ಚಿಕ್ಕಂದಿನಲ್ಲಿ ನಾವು ಜ್ಞಾನೋಪದೇಶದಲ್ಲಿ ದೇವರ ಹತ್ತು ಕಟ್ಟಳೆಗಳನ್ನು ಕಂಠಪಾಠ ಮಾಡಿದ್ದೇವೆ. ಐದನೆಯದು ಕೊಲೆಯನ್ನು ನಿಷೇಧಿಸುತ್ತದೆ, ಎಂಟನೆಯದು ಸುಳ್ಳುಸಾಕ್ಷಿಯನ್ನು. ನಾವು ಇವನ್ನು ಬೇರೆ ಬೇರೆ ಪಾಪಗಳೆಂದು ಎಣಿಸುತ್ತೇವೆ. ಆದರೆ ಅಧಿಕಾರದಲ್ಲಿ ಇರುವವರ ವಿಷಯದಲ್ಲಿ ಇವೆರಡೂ ಒಂದನ್ನೊಂದು ಕೈಹಿಡಿದು ನಡೆಯುತ್ತವೆ. ಐದನೆಯ ಕಟ್ಟಳೆಯನ್ನು ಮೀರಿದ ಕೈಯನ್ನು ಎಂಟನೆಯ ಕಟ್ಟಳೆಯನ್ನು ಮೀರಿದ ನಾಲಿಗೆ ಕಾಪಾಡುತ್ತದೆ. ಕಾಪಾಡಲ್ಪಟ್ಟ ಕೈ ಮುಂದಿನ ಬಾರಿ ಇನ್ನೂ ಸುಲಭವಾಗಿ ಏಳುತ್ತದೆ. ಸಿಟ್ಟಿನಲ್ಲಿ, ಭಯದಲ್ಲಿ, ಗೊಂದಲದಲ್ಲಿ ಒಬ್ಬ ಮನುಷ್ಯ ಹೊಡೆದುಬಿಡಬಹುದು. ಅದು ಒಬ್ಬನ ಪಾಪ. ಆದರೆ ಅದನ್ನು ಮರೆಮಾಚಲು ಬರೆಯುವವನು, ಸಹಿ ಹಾಕುವವನು, ಕಂಡೂ ಕಾಣದವನು ಎಲ್ಲರೂ ಬೇಕು. ಹೀಗೆ ಒಬ್ಬನ ಪಾಪವು ಒಂದು ಕಚೇರಿಯ ಪಾಪವಾಗುತ್ತದೆ.

ಆದುದರಿಂದಲೇ ಅನ್ನಾಸನ ಮನೆಯಲ್ಲಿ ಯೇಸುಸ್ವಾಮಿ ಆ ಕಾವಲುಗಾರನಿಂದ ಮೊದಲು ಕೇಳಿದ್ದು ಸಾಕ್ಷಿಯನ್ನು. ಹೊಡೆದುದಕ್ಕೆ ಲೆಕ್ಕ ಒಪ್ಪಿಸುವುದೆಂದರೆ ಮೊಟ್ಟಮೊದಲು ಸತ್ಯವನ್ನು ನುಡಿಯುವುದು. ಶಿಕ್ಷೆ, ಪರಿಹಾರ, ಕ್ಷಮೆ ಎಲ್ಲವೂ ಅನಂತರದ ಮಾತು.

ರಕ್ತ ಕಾಣದ ಆಯುಧ

ಇಲ್ಲಿ ಆಯುಧದ ಬಗ್ಗೆಯೂ ಒಂದು ಮಾತು. ಟೇಸರ್ ಎರಡು ಸಣ್ಣ ಬಾಣಗಳನ್ನು ತಂತಿಯ ಸಮೇತ ಚಿಮ್ಮಿಸುತ್ತದೆ. ಅವು ಮೈಗೆ ನಾಟಿದೊಡನೆ ವಿದ್ಯುತ್ ಹರಿದು ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಮನುಷ್ಯ ಕುಸಿಯುತ್ತಾನೆ. ಬಂದೂಕಿನ ಬದಲಿಗೆ ಇದನ್ನು ಬಳಸಿದರೆ ಪ್ರಾಣ ಉಳಿಯುತ್ತದೆ ಎಂಬುದು ಇದರ ಸಮರ್ಥನೆ. ಕೆಲವು ಸಂದರ್ಭಗಳಲ್ಲಿ ಅದು ನಿಜವೂ ಹೌದು. ಚಾಕು ಹಿಡಿದು ಬರುವವನನ್ನು ಗುಂಡಿಟ್ಟು ಕೊಲ್ಲುವುದಕ್ಕಿಂತ ಹೀಗೆ ತಡೆಯುವುದು ಮೇಲು. ಆದರೆ ಆಚರಣೆಯಲ್ಲಿ ಅದು ಅನೇಕ ವೇಳೆ ಬಂದೂಕಿನ ಬದಲಿಗೆ ಬಾರದೆ ಮಾತಿನ ಬದಲಿಗೆ, ತಾಳ್ಮೆಯ ಬದಲಿಗೆ ಬರುತ್ತದೆ. ವ್ಯಾಂಕೂವರಿನಲ್ಲಿ ಬೇಕಾಗಿದ್ದದ್ದು ಪೋಲಿಷ್ ಭಾಷೆ ಬಲ್ಲ ಒಬ್ಬ ಮನುಷ್ಯ ಮತ್ತು ಒಂದು ಲೋಟ ನೀರು. ಎದೆಯ ಭಾಗಕ್ಕೆ ಗುರಿಯಿಡುವುದನ್ನು ತಪ್ಪಿಸಿರೆಂದು ತಯಾರಕರೇ 2009ರಲ್ಲಿ ಸೂಚನೆ ನೀಡಿದರು. ಕೊಲ್ಲದ ಆಯುಧ ಎಂಬ ಹೆಸರನ್ನೂ ಬದಲಿಸಿ, ಕಡಿಮೆ ಮಾರಕ ಎಂದು ಹೇಳುವುದು ರೂಢಿಯಾಯಿತು.

ನಮ್ಮಲ್ಲಿ ಈ ಆಯುಧ ಠಾಣೆಗಳ ನಿತ್ಯದ ಬಳಕೆಗೆ ಬಂದಿಲ್ಲ. ಆದರೆ ರಕ್ತ ಕಾಣದಿದ್ದರೆ ಹಿಂಸೆಯೂ ಇಲ್ಲ ಎಂಬ ಭ್ರಮೆ ನಮಗೆ ಹೊಸದಲ್ಲ. ಮಂಪರು ಪರೀಕ್ಷೆಯ ಕಾಲ ನಿಮಗೆ ನೆನಪಿರಬಹುದು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆರೋಪಿಗಳಿಗೆ ಔಷಧಿ ಚುಚ್ಚಿ, ಅರೆಪ್ರಜ್ಞೆಯಲ್ಲಿ ಬಾಯಿ ಬಿಡಿಸಿದುದನ್ನು ದೂರದರ್ಶನದ ಪರದೆಗಳಲ್ಲಿ ನಾವೆಲ್ಲ ಕುತೂಹಲದಿಂದ ನೋಡಿದೆವು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಅಂಥ ಪರೀಕ್ಷೆಗೆ ಗುರಿಪಡಿಸಬಾರದು ಎಂದಿತು. ಮನುಷ್ಯನ ಮನಸ್ಸಿನ ಬಾಗಿಲನ್ನು ಒದ್ದು ತೆರೆಯುವ ಹಕ್ಕು ಯಾರಿಗೂ ಇಲ್ಲ ಎಂಬುದೇ ಅದರ ತಿರುಳು. ಉಪಕರಣವು ನಯವಾದಷ್ಟೂ ಮನಸ್ಸಾಕ್ಷಿಯು ಹೆಚ್ಚು ಎಚ್ಚರವಾಗಿರಬೇಕು. ಕೈಗೆ ನೋವಾಗದೆ ಹೊಡೆಯಬಹುದಾದಾಗ ಹೊಡೆಯುವವನಿಗೆ ತಾನು ಹೊಡೆದೆನೆಂಬುದೇ ತಿಳಿಯುವುದಿಲ್ಲ.

ಖಡ್ಗವನ್ನು ಹೊತ್ತ ಸೇವಕ

ಹಾಗಾದರೆ ಪೊಲೀಸ್ ವೃತ್ತಿಯೇ ಪಾಪದ ವೃತ್ತಿಯೇ? ಖಂಡಿತ ಅಲ್ಲ. ಜೋರ್ದಾನ್ ನದಿಯ ದಡಕ್ಕೆ ಸೈನಿಕರೂ ಬಂದು ನಾವೇನು ಮಾಡಬೇಕೆಂದು ಸ್ನಾನಿಕ ಯೊವಾನ್ನರನ್ನು ಕೇಳಿದರೆಂದು ಸಂತ ಲೂಕರು ಬರೆಯುತ್ತಾರೆ. ಯೊವಾನ್ನರು ಅವರಿಗೆ ಕೆಲಸ ಬಿಡಿ ಎನ್ನಲಿಲ್ಲ. ಯಾರನ್ನೂ ಬೆದರಿಸಿ ಸುಲಿಯಬೇಡಿ, ಸುಳ್ಳು ಆರೋಪ ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದು ಉಪದೇಶಿಸಿದರು. ಎರಡು ಸಾವಿರ ವರ್ಷಗಳ ಹಿಂದಿನ ಆ ಮೂರು ಮಾತುಗಳು ಇಂದಿನ ಯಾವ ಠಾಣೆಯ ಗೋಡೆಯ ಮೇಲೆ ಬರೆದರೂ ಹಳೆಯದೆನಿಸುವುದಿಲ್ಲ.

ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ಅಧಿಕಾರಿಯು ವ್ಯರ್ಥವಾಗಿ ಖಡ್ಗವನ್ನು ಹೊತ್ತಿಲ್ಲವೆಂದು ಬೋಧಿಸುತ್ತಾರೆ. ಈ ಮಾತನ್ನು ಅಧಿಕಾರಕ್ಕೆ ತಲೆಬಾಗಿರೆಂದು ಹೇಳಲು ಬಳಸುವವರೇ ಹೆಚ್ಚು. ಆದರೆ ಅದೇ ವಾಕ್ಯದಲ್ಲಿ ಪೌಲರು ಆ ಅಧಿಕಾರಿಯನ್ನು ದೇವರ ಸೇವಕನೆಂದು ಕರೆದು, ಜನರ ಒಳಿತಿಗಾಗಿಯೇ ಇರುವವನೆಂದು ತಿಳಿಸುತ್ತಾರೆ. ಸೇವಕನೆಂದ ಮೇಲೆ ಲೆಕ್ಕ ಒಪ್ಪಿಸಲೇಬೇಕು. ಖಡ್ಗವು ಅವನ ಸ್ವಂತದ್ದಲ್ಲ. ಅದು ಅವನ ಕೈಗೆ ಒಪ್ಪಿಸಿದ ಇಡುಗಂಟು.

ಆ ಸೇವಕನ ಕಷ್ಟವನ್ನೂ ನಾವು ಅರಿಯಬೇಕು. ಜಾತ್ರೆ, ಚುನಾವಣೆ, ಬಂದ್, ಗಣಪತಿ ಮೆರವಣಿಗೆ, ನಮ್ಮ ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಎಲ್ಲದಕ್ಕೂ ಅವನು ಮನೆಮಂದಿಯನ್ನು ಬಿಟ್ಟು ನಿಂತಿರುತ್ತಾನೆ. 2016ರ ಜೂನ್ ತಿಂಗಳಲ್ಲಿ ರಾಜ್ಯದ ಪೊಲೀಸ್ ಪೇದೆಗಳು ವಾರದ ರಜೆಗಾಗಿ, ಯೋಗ್ಯ ಸಂಬಳಕ್ಕಾಗಿ ಸಾಮೂಹಿಕ ರಜೆಯ ಮುಷ್ಕರಕ್ಕೆ ಸಿದ್ಧರಾದುದನ್ನು ನೀವು ಮರೆತಿರಲಾರಿರಿ. ಅದೇ ವರ್ಷ ನಮ್ಮ ನೆರೆಯ ಕೂಡ್ಲಿಗಿಯ ಡಿವೈಎಸ್‌ಪಿ ಅನುಪಮಾ ಶೆಣೈ ಅವರ ವಿಷಯ ನಾಡಿನಾದ್ಯಂತ ಚರ್ಚೆಯಾಯಿತು. ಜನವರಿಯಲ್ಲಿ ಅವರ ವರ್ಗಾವಣೆಯಾದಾಗ, ಸಚಿವರೊಬ್ಬರ ದೂರವಾಣಿ ಕರೆಯನ್ನು ಕಾಯಿಸಿದ್ದೇ ಕಾರಣವೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ವರ್ಗಾವಣೆ ರದ್ದಾಗಿ ಅವರು ಮರಳಿ ಬಂದರೂ ಜೂನ್ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಆ ಪ್ರಕರಣದ ಸರಿತಪ್ಪುಗಳನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಅದು ಎತ್ತಿದ ಪ್ರಶ್ನೆ ನಮ್ಮದು. ಅಧಿಕಾರಿಯ ಭವಿಷ್ಯವು ಮೇಲಿನವರ ಮರ್ಜಿಯಲ್ಲಿ ತೂಗಾಡುತ್ತಿದ್ದರೆ ಅವನು ಲೆಕ್ಕ ಒಪ್ಪಿಸುವುದು ಮೇಲಕ್ಕೇ ಹೊರತು ಕೆಳಕ್ಕಲ್ಲ. ಸಚಿವರಿಗೆ ಉತ್ತರ ಕೊಡುವ ಠಾಣೆ ಕೂಲಿಯವನಿಗೆ ಉತ್ತರ ಕೊಡುವುದಿಲ್ಲ. ನಿಷ್ಠಾವಂತ ಅಧಿಕಾರಿಯನ್ನು ರಕ್ಷಿಸದ ವ್ಯವಸ್ಥೆಯು ಕ್ರೂರಿಯಾದ ಅಧಿಕಾರಿಯಿಂದ ಲೆಕ್ಕವನ್ನೂ ಕೇಳಲಾರದು.

ಕ್ಷಮಿಸಿದರೆ ಸಾಲದೇ?

ಧರ್ಮಕೇಂದ್ರದ ಭಕ್ತರು ಕೆಲವೊಮ್ಮೆ ಹೇಳುವುದುಂಟು: ಆದದ್ದಾಯಿತು ಸ್ವಾಮಿ, ದೇವರು ನೋಡಿಕೊಳ್ಳುತ್ತಾನೆ, ನಾವು ಕ್ಷಮಿಸಬೇಕಲ್ಲವೇ? ಕ್ಷಮಿಸಲೇಬೇಕು. ಆದರೆ ಕ್ಷಮೆಯೆಂದರೆ ನಡೆದುದನ್ನು ನಡೆಯಲೇ ಇಲ್ಲವೆಂದು ಹೇಳುವುದಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಹದಿನಾರನೆಯ ಅಧ್ಯಾಯವನ್ನು ಈ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಓದಿ ನೋಡಿ. ಫಿಲಿಪ್ಪಿ ಪಟ್ಟಣದಲ್ಲಿ ಪೌಲ ಮತ್ತು ಸೀಲರನ್ನು ವಿಚಾರಣೆಯಿಲ್ಲದೆ ಬಟ್ಟೆ ಕಳಚಿ ಹೊಡೆದು ಸೆರೆಗೆ ಹಾಕಲಾಗುತ್ತದೆ. ನಡುರಾತ್ರಿ ಭೂಕಂಪವಾಗಿ ಬಾಗಿಲುಗಳು ತೆರೆಯುತ್ತವೆ. ಕೈದಿಗಳು ಓಡಿಹೋದರೆಂದು ಭಾವಿಸಿ ಸೆರೆಮನೆಯ ಅಧಿಕಾರಿಯು ಪ್ರಾಣ ಕಳೆದುಕೊಳ್ಳಲು ಹೊರಟಾಗ ಪೌಲರು ಕೂಗಿ ಅವನನ್ನು ತಡೆಯುತ್ತಾರೆ. ಅವನು ಅವರ ಗಾಯಗಳನ್ನು ತೊಳೆಯುತ್ತಾನೆ, ಕುಟುಂಬಸಮೇತ ದೀಕ್ಷಾಸ್ನಾನ ಪಡೆಯುತ್ತಾನೆ. ಇದಕ್ಕಿಂತ ದೊಡ್ಡ ಕ್ಷಮೆ ಯಾವುದು? ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬೆಳಗಾದ ಮೇಲೆ ನ್ಯಾಯಾಧಿಪತಿಗಳು ಅವರನ್ನು ಸದ್ದಿಲ್ಲದೆ ಬಿಟ್ಟುಬಿಡಲು ಆಜ್ಞಾಪಿಸುತ್ತಾರೆ. ಪೌಲರು ಒಪ್ಪುವುದಿಲ್ಲ. ಬಹಿರಂಗವಾಗಿ ಹೊಡೆದವರು ಗುಟ್ಟಾಗಿ ಕಳುಹಿಸುವುದೇನು, ಅವರೇ ಬಂದು ನಮ್ಮನ್ನು ಹೊರಗೆ ಕರೆದೊಯ್ಯಲಿ ಎನ್ನುತ್ತಾರೆ. ಅವರು ಬಂದು ಕ್ಷಮೆ ಬೇಡಿ ಕರೆದೊಯ್ಯುತ್ತಾರೆ. ಒಂದೇ ರಾತ್ರಿಯಲ್ಲಿ ಒಂದೇ ಮನುಷ್ಯನು ಕಾವಲುಗಾರನ ಪ್ರಾಣವನ್ನೂ ಉಳಿಸಿದನು, ಅಧಿಕಾರಿಗಳಿಂದ ಲೆಕ್ಕವನ್ನೂ ಕೇಳಿದನು. ಮುಂದೆ ಆ ಪಟ್ಟಣದಲ್ಲಿ ಬೆಳೆಯಲಿದ್ದ ಪುಟ್ಟ ಕ್ರೈಸ್ತ ಸಮುದಾಯಕ್ಕೆ ಅದು ರಕ್ಷಣೆಯೂ ಆಯಿತು.

ನಮ್ಮ ಪಾಪನಿವೇದನೆಯ ಸಂಸ್ಕಾರವೂ ಇದನ್ನೇ ಕಲಿಸುತ್ತದೆ. ದೇವರ ಕರುಣೆಗೆ ಮಿತಿಯಿಲ್ಲ. ಆದರೂ ಪಾಪವನ್ನು ಹೆಸರಿಟ್ಟು ಬಾಯಿಂದ ಹೇಳಬೇಕು, ಪ್ರಾಯಶ್ಚಿತ್ತ ಮಾಡಬೇಕು, ಕದ್ದದ್ದನ್ನು ಹಿಂದಿರುಗಿಸಬೇಕು. ದೇವರೇ ಸತ್ಯವನ್ನು ನುಡಿಯುವ ಮೂಲಕ ಕ್ಷಮೆಯ ದಾರಿಯನ್ನು ತೆರೆದಿರುವಾಗ, ಮನುಷ್ಯರ ಕಚೇರಿಗಳಿಗೆ ಅದರಿಂದ ವಿನಾಯಿತಿ ಏಕೆ?

ಇದನ್ನು ಹೇಳುವಾಗ ನಮ್ಮ ಮನೆಯ ಕಡೆಗೂ ನೋಡಬೇಕು. ಕಳ್ಳನನ್ನು ಹೊಡೆದು ತಪ್ಪೊಪ್ಪಿಸುವುದು ದೈವನಿಯಮಕ್ಕೂ ಮಾನವನಿಯಮಕ್ಕೂ ವಿರುದ್ಧವೆಂದು ಜಗದ್ಗುರು ಮೊದಲನೆಯ ನಿಕೋಲಾಸರು 866ರಷ್ಟು ಹಿಂದೆಯೇ ಬಲ್ಗೇರಿಯದವರಿಗೆ ಬರೆದಿದ್ದರು. ಆದರೆ 1252ರಲ್ಲಿ ಜಗದ್ಗುರು ನಾಲ್ಕನೆಯ ಇನ್ನೊಸೆಂಟರು ಪಾಷಂಡಿಗಳ ವಿಚಾರಣೆಯಲ್ಲಿ ಚಿತ್ರಹಿಂಸೆಗೆ ಅವಕಾಶ ಕೊಟ್ಟರು. ಅಂಥ ಕ್ರೌರ್ಯಗಳನ್ನು ಸಭಾಪಾಲಕರೇ ಪ್ರತಿಭಟಿಸದೆ ಉಳಿದ ಕಾಲವಿತ್ತೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಬಹಿರಂಗವಾಗಿಯೇ ಒಪ್ಪಿಕೊಂಡಿದೆ. ನಮ್ಮ ಕಾಲದಲ್ಲಿ ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಗುರುಗಳನ್ನು ಸಂಸ್ಥೆಯ ಮಾನದ ಹೆಸರಿನಲ್ಲಿ ಮರೆಮಾಚಿದ್ದರಿಂದ ಎಷ್ಟು ಜೀವಗಳು ನಲುಗಿದವೆಂಬುದೂ ಲೋಕಕ್ಕೆ ತಿಳಿದಿದೆ. ಜಗದ್ಗುರು ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿದ ನಿಯಮಗಳ ಮೂಲಕ ದೂರನ್ನು ವರದಿ ಮಾಡುವುದನ್ನು ಗುರುಗಳಿಗೂ ಧಾರ್ಮಿಕರಿಗೂ ಕಡ್ಡಾಯಗೊಳಿಸಿದರು, ಮುಚ್ಚಿಡುವ ಧರ್ಮಾಧ್ಯಕ್ಷರನ್ನೂ ವಿಚಾರಣೆಗೆ ಒಳಪಡಿಸಿದರು. ಸಮವಸ್ತ್ರ ಖಾಕಿಯಾಗಿರಲಿ, ಬಿಳಿಯ ನಿಲುವಂಗಿಯಾಗಿರಲಿ, ಲೆಕ್ಕ ಕೇಳುವವರಿಲ್ಲದ ಕಡೆ ಪಾಪವು ಗೂಡು ಕಟ್ಟುತ್ತದೆ.

ಕಾನೂನು ಕೊಟ್ಟ ಮಾತು

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಬಂಧಿಸಿದವರನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ಸಂವಿಧಾನವೇ ವಿಧಿಸಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗದೆಂಬ ನಿಯಮ ಬ್ರಿಟಿಷರ ಕಾಲದಿಂದಲೂ ಇದೆ. 1986ರಲ್ಲಿ ಪಶ್ಚಿಮ ಬಂಗಾಳದ ಡಿ. ಕೆ. ಬಸು ಎಂಬವರು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಾಲಯವು 1996ರ ಡಿಸೆಂಬರ್ 18ರಂದು ಹನ್ನೊಂದು ನಿಯಮಗಳನ್ನು ಕೊಟ್ಟಿತು. ಬಂಧಿಸುವ ಪೊಲೀಸರು ಹೆಸರಿನ ಪಟ್ಟಿ ಧರಿಸಿರಬೇಕು. ಬಂಧನದ ದಿನ, ವೇಳೆಗಳನ್ನು ಬರೆದು, ಕುಟುಂಬದವರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿಯೊಡನೆ ಬಂಧನಪತ್ರ ತಯಾರಿಸಬೇಕು. ಬಂಧುವಿಗೆ ಅಥವಾ ಗೆಳೆಯರಿಗೆ ತಿಳಿಸಬೇಕು. ಪ್ರತಿ ನಲವತ್ತೆಂಟು ಗಂಟೆಗಳಿಗೊಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಈ ನಿಯಮಗಳನ್ನು ಓದುವಾಗ ಆಲಿಸ್ ಫರ್ನಾಂಡಿಸರ ದೂರು ನೆನಪಾಗುತ್ತದೆ. 1976ರಲ್ಲಿ ಇಂಥ ಒಂದು ಬಂಧನಪತ್ರಕ್ಕೆ ಮನೆಯವರ ಸಹಿ ಬೀಳಬೇಕಾಗಿದ್ದರೆ, ದಿನಾಂಕವನ್ನು ಬದಲಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಅನಂತರ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಪೊಲೀಸರ ವಿರುದ್ಧದ ದೂರುಗಳನ್ನು ಕೇಳಲು ರಾಜ್ಯ ಮತ್ತು ಜಿಲ್ಲಾ ಮಟ್ಟಗಳಲ್ಲಿ ಪ್ರಾಧಿಕಾರಗಳಿರಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2020ರ ಡಿಸೆಂಬರ್ 2ರಂದು ದೇಶದ ಪ್ರತಿಯೊಂದು ಠಾಣೆಯಲ್ಲಿಯೂ ದೃಶ್ಯ, ಧ್ವನಿ ಎರಡನ್ನೂ ಹಿಡಿಯುವ ಸಿಸಿಟಿವಿ ಕ್ಯಾಮರಾಗಳಿರಬೇಕೆಂದು ಹೇಳಿತು. ಇವೆಲ್ಲವೂ ಎಂಟನೆಯ ಕಟ್ಟಳೆಗೆ ಕಟ್ಟಿದ ಬೇಲಿಗಳು. ಸುಳ್ಳು ಹೇಳುವುದು ಕಷ್ಟವಾದರೆ ಹೊಡೆಯುವುದೂ ಕಷ್ಟವಾಗುತ್ತದೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಕರ್ತವ್ಯದಲ್ಲಿದ್ದ ಪೊಲೀಸ್ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು. ಕರ್ನಾಟಕದ್ದೇ ಆದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜೂನ್ ತಿಂಗಳಲ್ಲಿ, ಅಧಿಕಾರಿಯು ಮಿತಿ ಮೀರಿದ್ದರೂ ಆ ಕೃತ್ಯಕ್ಕೂ ಕರ್ತವ್ಯಕ್ಕೂ ಸಂಬಂಧವಿದ್ದರೆ ಅನುಮತಿ ಅಗತ್ಯವೆಂದು ಹೇಳಿತು. ಸುಳ್ಳು ದೂರುಗಳಿಂದ ಪ್ರಾಮಾಣಿಕರನ್ನು ಕಾಪಾಡುವ ಗುರಾಣಿ ಇದು. ಅದರ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಗುರಾಣಿಯನ್ನು ಹಿಡಿದವರು ಅದನ್ನು ಎಂದೂ ಕೆಳಗಿಳಿಸದಿದ್ದರೆ ಅದು ಗೋಡೆಯಾಗುತ್ತದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 1997ರಲ್ಲಿಯೇ ಸಹಿ ಹಾಕಿದ್ದರೂ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ಅದಕ್ಕಾಗಿ 2010ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ಕಾನೂನಾಗದೆ ಬಿದ್ದುಹೋಯಿತು.

ನಮ್ಮ ಪಾಲು

ಪ್ರಿಯರೇ, ಇಷ್ಟೆಲ್ಲ ಪೊಲೀಸರ ಬಗ್ಗೆ ಆಯಿತು. ನಮ್ಮ ಬಗ್ಗೆ? ಮನೆಯಲ್ಲಿ ಕಳ್ಳತನವಾದಾಗ, ಕೆಲಸದವನ ಮೇಲೆ ಸಂಶಯ ಬಂದಾಗ ಠಾಣೆಗೆ ಹೋಗಿ, ಎರಡು ಬಿಗಿದರೆ ಬಾಯಿ ಬಿಡುತ್ತಾನೆ ಎನ್ನುವವರು ನಾವೇ ಅಲ್ಲವೇ? ಚಲನಚಿತ್ರದ ನಾಯಕನು ಲಾಕಪ್ಪಿನಲ್ಲಿ ಆರೋಪಿಯನ್ನು ಬಡಿಯುವಾಗ ಮಕ್ಕಳ ಜೊತೆ ಕುಳಿತು ಚಪ್ಪಾಳೆ ತಟ್ಟುವವರು ಯಾರು? ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಂದ ಸುದ್ದಿ ಬಂದಾಗ ಸಿಹಿ ಹಂಚಿದವರನ್ನೂ ಕಂಡಿದ್ದೇವೆ. ಅನ್ನಾಸನ ಅಂಗಳದಲ್ಲಿ ಆ ಕಾವಲುಗಾರನು ತನ್ನ ಯಜಮಾನನನ್ನು ಮೆಚ್ಚಿಸಲೆಂದೇ ಹೊಡೆದಿರಬೇಕು. ಪ್ರಜಾಪ್ರಭುತ್ವದಲ್ಲಿ ಆ ಯಜಮಾನರು ನಾವು. ಪೆಟ್ಟು ನಮ್ಮ ಮೆಚ್ಚುಗೆಗಾಗಿ ಬೀಳುತ್ತಿದ್ದರೆ ಲೆಕ್ಕದಲ್ಲಿ ನಮ್ಮ ಪಾಲೂ ಇದೆ.

ಲೆಕ್ಕದ ಮೇಲೆ ನಂಬಿಕೆ ಕಳೆದುಹೋದರೆ ಏನಾಗುತ್ತದೆಂಬುದನ್ನು 2024ರ ಮೇ ತಿಂಗಳಲ್ಲಿ ದಾವಣಗೆರೆಯ ಆಚೆಗಿನ ಚನ್ನಗಿರಿಯಲ್ಲಿ ಕಂಡೆವು. ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದ ಯುವಕನೊಬ್ಬ ಸ್ವಲ್ಪ ಹೊತ್ತಿನಲ್ಲಿಯೇ ಮೃತನಾದ. ಪೊಲೀಸರೇ ಕಾರಣವೆಂದು ಬಂಧುಗಳು ದೂರಿದರು. ಇದು ಲಾಕಪ್ ಸಾವಲ್ಲ, ಅನಾರೋಗ್ಯದಿಂದಾದದ್ದೆಂದು ಮುಖ್ಯಮಂತ್ರಿಗಳು ಹೇಳಿದರು. ಆದರೂ ಎಫ್‌ಐಆರ್ ಇಲ್ಲದೆ ಕರೆತಂದದ್ದು ತಪ್ಪೆಂದು ಒಪ್ಪಿ, ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಇಬ್ಬರನ್ನೂ ಅಮಾನತು ಮಾಡಲಾಯಿತು. ಅಷ್ಟರಲ್ಲಿ ಆ ರಾತ್ರಿ ಜನರು ಠಾಣೆಗೆ ಕಲ್ಲು ತೂರಿದ್ದರು, ವಾಹನಗಳನ್ನು ಉರುಳಿಸಿದ್ದರು, ಪೊಲೀಸರು ಗಾಯಗೊಂಡಿದ್ದರು. ಠಾಣೆಯ ಪುಸ್ತಕದಲ್ಲಿ ಸತ್ಯ ಬರೆಯಲಾಗುತ್ತದೆ ಎಂಬ ನಂಬಿಕೆ ಜನರಿಗೆ ಇಲ್ಲವಾದರೆ ಅವರು ತಮ್ಮ ತೀರ್ಪನ್ನು ಕಲ್ಲುಗಳಿಂದ ಬರೆಯುತ್ತಾರೆ. ಆ ಕಲ್ಲೂ ವಿಚಾರಣೆಯಿಲ್ಲದ ಪೆಟ್ಟೇ. ಅದು ಬೀಳುವುದು ತಪ್ಪು ಮಾಡದ ಪೇದೆಯ ತಲೆಯ ಮೇಲೆ.

ನಮ್ಮ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ, ಅಲ್ಲಿಂದ ಮತ್ತೆ ಬಳ್ಳಾರಿಗೆ, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಕಚೇರಿಗಳ ನಾಮಫಲಕಗಳು ಬದಲಾದುವು. ಠಾಣೆಯ ಮೆಟ್ಟಿಲು ಹತ್ತುವ ಬಡವನ ಎದೆಬಡಿತ ಬದಲಾಗಿಲ್ಲ. ಅವನ ಜೊತೆ ಮೆಟ್ಟಿಲು ಹತ್ತುವ ಒಬ್ಬರು ಸಿಕ್ಕಿದರೆ ಅದು ಸ್ವಲ್ಪ ಬದಲಾದೀತು. ನಮ್ಮ ಕಿರು ಕ್ರೈಸ್ತ ಸಮುದಾಯಗಳಲ್ಲಿ ಓದುಬರಹ ಬಲ್ಲವರು, ವಕೀಲರು, ಶಿಕ್ಷಕರು ಇದ್ದಾರೆ. ಬಂಧನಪತ್ರ ಕೇಳುವುದು, ಮನೆಯವರಿಗೆ ಸುದ್ದಿ ಮುಟ್ಟಿಸುವುದು, ವೈದ್ಯಕೀಯ ಪರೀಕ್ಷೆಯಾಯಿತೇ ಎಂದು ವಿಚಾರಿಸುವುದು, ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ನೆರವನ್ನು ಕೊಡಿಸುವುದು ಇವೆಲ್ಲ ಸೆರೆಯಲ್ಲಿದ್ದವರನ್ನು ಸಂದರ್ಶಿಸುವ ಕರುಣೆಯ ಕಾರ್ಯವೇ. ಬಂಧಿತನು ತಪ್ಪಿತಸ್ಥನೇ ಆಗಿದ್ದರೂ ಇದು ಕರುಣೆಯ ಕಾರ್ಯವೇ.

ಹಾಗೆಯೇ ನಮ್ಮ ಧರ್ಮಕೇಂದ್ರಗಳಲ್ಲಿ ಪೊಲೀಸ್ ಕುಟುಂಬಗಳಿದ್ದರೆ ಅವರ ಮನೆಗಳಿಗೂ ಹೋಗಬೇಕು. ಮೇಲಧಿಕಾರಿ ಹೇಳಿದ ಸುಳ್ಳಿಗೆ ಸಹಿ ಹಾಕಲು ಒಪ್ಪದ ಒಬ್ಬ ಪೇದೆಯ ಪಾಡೇನು? ವರ್ಗಾವಣೆಯ ಬೆದರಿಕೆ, ಸಹೋದ್ಯೋಗಿಗಳ ಮೌನ, ಹೆಂಡತಿಯ ಕಣ್ಣೀರು. ಅಂಥವನನ್ನು ಒಂಟಿಯಾಗಿ ಬಿಟ್ಟು, ಪೊಲೀಸರೆಲ್ಲ ಹೀಗೆಯೇ ಎಂದು ನಾವು ಮಾತನಾಡುತ್ತಾ ಕುಳಿತರೆ ಮುಂದಿನ ಬಾರಿ ಅವನೂ ಸಹಿ ಹಾಕುತ್ತಾನೆ. ವ್ಯಾಂಕೂವರಿನಲ್ಲಿ ನಾಲ್ವರಲ್ಲಿ ಒಬ್ಬನಾದರೂ ಮೊದಲ ದಿನವೇ ನಡೆದುದನ್ನು ನಡೆದಂತೆ ಬರೆದಿದ್ದರೆ ಆ ತಾಯಿ ಸತ್ಯಕ್ಕಾಗಿ ಹತ್ತು ವರ್ಷ ಕಾಯಬೇಕಾಗುತ್ತಿರಲಿಲ್ಲ.

ಈ ತಿಂಗಳ ಒಂದು ದಿನ ನಿಮ್ಮ ಮನೆಯ ಜಪಮಾಲೆಯಲ್ಲಿ ದುಃಖದ ರಹಸ್ಯಗಳ ಎರಡನೆಯದಕ್ಕೆ, ಕಂಬಕ್ಕೆ ಕಟ್ಟಿ ಯೇಸುವನ್ನು ಹೊಡೆದ ರಹಸ್ಯಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ಆ ಹತ್ತು ನಮೋ ಮರಿಯಾಗಳನ್ನು ಇಬ್ಬರಿಗಾಗಿ ಒಪ್ಪಿಸಿರಿ: ಈ ರಾತ್ರಿ ಯಾವುದೋ ಠಾಣೆಯ ನೆಲದ ಮೇಲೆ ಕುಳಿತಿರುವ ಒಬ್ಬ ಮನುಷ್ಯನಿಗಾಗಿ, ಅವನ ಎದುರಿಗೆ ಲಾಠಿ ಹಿಡಿದು ನಿಂತಿರುವ ಇನ್ನೊಬ್ಬ ಮನುಷ್ಯನಿಗಾಗಿ. ಇಬ್ಬರ ಮನೆಯಲ್ಲಿಯೂ ತಾಯಂದಿರು ಕಾಯುತ್ತಿದ್ದಾರೆ.